ಅವ್ವಂದಿರ ನಕ್ಷೆ

ಪಾಯಕುಂಬುಹ್, ಪಶ್ಚಿಮ ಸುಮಾತ್ರ
೧೧ ಮಾರ್ಚ್ ೨೦೧೦, ಗುರುವಾರ

ಪ್ರೀತಿಯ ರಹ್ಮಿ,

ಅಲ್ಲಾಹನ ದಯೆ ನಿನ್ನ ಮೇಲಿರಲಿ. ಸುರಬಾಯದ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಪಾಳಿ ಮುಗಿಸಿ ಬಂದು ಉಣ್ಣದೆ ಮಲಗುತ್ತೀಯಂತೆ. ನರ್ಸಮ್ಮನೇ ಹೀಗಾದರೆ ರೋಗಿಗಳ ಗತಿಯೇನು ಎಂದು ನಿನ್ನ ಅಮ್ಮನ ಕೊರಗು. ನಾಳೆ ವಿಮಾನ ಹತ್ತುವ ಪಕ್ಕದ ಮನೆ ಯುಲಿಯಾರ್ತಿಯ ಕೈಯಲ್ಲಿ ರೆಂದಾಂಗ್ ಮಾಂಸದ ಡಬ್ಬಿಯೂ ಈ ಪತ್ರವೂ ಬರುತ್ತವೆ. ಅಜ್ಜಿಯ ಮಂಡಿ ಮೆತ್ತಗಾಗಿದೆ, ಮಾತು ಮಾತ್ರ ಬೆತ್ತದ ಹಾಗೇ ಇದೆ. ನನಗೆ ಹೊಟ್ಟೆ ಬಂದಿದೆ, ಕೂದಲು ಹೋಗಿದೆ; ಬಂದದ್ದಕ್ಕೂ ಹೋದದ್ದಕ್ಕೂ ಸರಿಹೋಯಿತು.

ಸುದ್ದಿಗೆ ಬರುತ್ತೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಜೊತೆಗಿಟ್ಟಿರುವ ಚಿತ್ರ ನೋಡದೆ ನೀನು ನಂಬುವವಳಲ್ಲ. ಹೊರಗೆ ಹೋಗಿ ಬದುಕು ಕಟ್ಟಿಕೊಂಡ ನಮ್ಮೂರವರ ವೆಬ್‌ಸೈಟುಗಳನ್ನೆಲ್ಲ ಒಂದೇ ಕಡೆ ಸಿಗುವಂತೆ ಮಾಡು ಎಂದು ಊರ ಹಿರಿಯರು ಗಂಟುಬಿದ್ದಿದ್ದರು. ಇಂಟರ್ನೆಟ್ ಅಂಗಡಿ ಇಟ್ಟವನಿಗೆ ಬೇರೇನು ಕೆಲಸ ಎಂಬುದು ಅವರ ಎಣಿಕೆ. ಹುಡುಕಿದೆ. ಜಕಾರ್ತದ ಹೋಟೆಲು, ಪೆಕನ್‌ಬಾರುವಿನ ಬಟ್ಟೆ ಅಂಗಡಿ, ಮೇದಾನಿನ ಊರವರ ಸಂಘ, ಮದುವೆಯ ಫೋಟೊ ಹಾಕಿ ಆಮೇಲೆ ಸೈಟನ್ನೇ ಮರೆತವರು, ಎಲ್ಲ ಸಿಕ್ಕರು. ಸುಮ್ಮನೆ ಸಾಲಾಗಿ ಬರೆದಿಟ್ಟರೆ ಯಾರು ಓದುತ್ತಾರೆ? ಅದಕ್ಕೇ ನಕ್ಷೆ ಬರೆದೆ. ಸೈಟಿಗೊಂದು ಚುಕ್ಕಿ; ಒಂದು ಸೈಟು ಇನ್ನೊಂದಕ್ಕೆ ಕೊಂಡಿ ಕೊಟ್ಟಿದ್ದರೆ ನಡುವೆ ಒಂದು ಗೆರೆ; ನಂಟು ಹೆಚ್ಚಿದ್ದವು ಒಟ್ಟೊಟ್ಟಿಗೆ, ಇಲ್ಲದವು ಅತ್ತತ್ತ; ತಾಯಿಯಿಂದ ಮಕ್ಕಳಿಗೆ ಬರುವ ಕುಲವಲ್ಲವೇ ನಮ್ಮದು, ಆ ಒಂದೊಂದು ಬಳಿಗೂ ಒಂದೊಂದು ಬಣ್ಣ. ಇಷ್ಟು ದಿನ ಬರೀ ಪುಟಗಳಾಗಿದ್ದವು ಕಣ್ಣೆದುರು ಕೇರಿಗಳಾಗಿ ಕೂತವು.

ನಿನ್ನ ಅಫ್ರಿಜೋನನ ಅಂಗಡಿಯ ಸೈಟನ್ನೂ ಹಾಕಿದೆ. ಮುಚ್ಚಿಡುವುದೇನು, ಈ ಕೆಲಸ ಒಪ್ಪಿದ್ದೇ ಅದಕ್ಕಾಗಿ. ಹುಡುಗ ಒಳ್ಳೆಯವನು, ಆದರೆ ತಾಯಿಯ ಬಳಿ ಗೊತ್ತಿಲ್ಲ. ಅವನು ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಳು, ಅಪ್ಪ ಮಗುವನ್ನು ಮಕಾಸರಿಗೆ ಹೊತ್ತೊಯ್ದ, ಈಗ ಆ ಅಪ್ಪನೂ ಇಲ್ಲ. ಉಳಿದದ್ದು ನೂರ್‌ಲಿಸ್ ಎಂಬ ಹೆಸರು ಮತ್ತು ಒಂದು ಮದುವೆಯ ಫೋಟೊ. ಅವಳೂ ನಮ್ಮ ಚನಿಯಾಗೋ ಬಳಿಯವಳೇ ಆಗಿದ್ದರೆ ನೀವಿಬ್ಬರು ಅಣ್ಣ ತಂಗಿ. ಗೊತ್ತಾಗುವ ತನಕ ಮದುವೆಯ ಮಾತೆತ್ತಬೇಡಿ ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು. ಸೋದರಮಾವ ಹೂಂ ಅನ್ನದೆ ನಿನ್ನ ಮದುವೆಯಿಲ್ಲ, ಅಜ್ಜಿ ಹೂಂ ಅನ್ನದೆ ಮಾವನಿಗೆ ಬಾಯಿಯೇ ಇಲ್ಲ.

ಇಷ್ಟಾದರೂ ನಿನ್ನ ಮಾವ ಮಾಡಿದ ಘನಕಾರ್ಯ ಕೇಳು. ಬಣ್ಣ ಹಚ್ಚುವಾಗ ಅಂಗಡಿಗಳ ಬೋರ್ಡನ್ನೇ ನಂಬಿದೆ. ಪಟ್ಟಣ ಸೇರಿದವರು ತಮ್ಮ ಬಳಿಯ ಹೆಸರನ್ನು ಅಂಗಡಿಗೆ ಇಡುತ್ತಾರೆ. ಆಮೇಲೆ ಅಂಗಡಿ ಮಗನಿಗೆ ಬರುತ್ತದೆ, ಬಳಿ ಬರುವುದಿಲ್ಲ. ಹೀಗಾಗಿ ಊರಿಗೆ ಊರೇ ತಪ್ಪು ಬಣ್ಣದಲ್ಲಿ ಮಿಂದೆದ್ದಿತು, ಅಫ್ರಿಜೋನನ ಚುಕ್ಕಿ ಮೂಲೆಯಲ್ಲಿ ಒಂಟಿಯಾಗಿ ಕೂತಿತು. ಅಜ್ಜಿ ಕನ್ನಡಕ ಏರಿಸಿಕೊಂಡು ಪರದೆ ನೋಡಿದಳು, ಜಕಾರ್ತದ ಹೋಟೆಲಿನ ಮೇಲೆ ಬೆರಳಿಟ್ಟಳು.

"ಇವನನ್ನ ಸಿಕುಂಬಾಂಗ್ ಅಂತ ಬರ್ದಿದೀಯಲ್ಲೋ, ಅದು ಇವನಪ್ಪಂದು. ಅಪ್ಪನ ಬೋರ್ಡ್ ಕಟ್ಕೊಂಡು ನಂಗೇನಾಗ್ಬೇಕು? ಅವ್ವ ಯಾರು ಅಂತ ಹಾಕು. ಓದ್ದೋನಂತೆ."

ಹಾಕಿದೆ. ಒಬ್ಬೊಬ್ಬರಿಗೂ ಇಮೇಲ್ ಬರೆದು ತಾಯಿ ಯಾರು, ತಾಯಿಯ ಅಕ್ಕತಂಗಿಯರು ಯಾರು ಎಂದು ಕೇಳಿದೆ. ಅಜ್ಜಿ ಪಕ್ಕದಲ್ಲೇ ಕೂತು, ಎಲೆಯಡಿಕೆ ಮೆಲ್ಲುತ್ತ, ಬಂದ ಉತ್ತರಗಳನ್ನೂ ತಿದ್ದಿದಳು. ಉತ್ತರ ಬಂದ ಹಾಗೆಲ್ಲ ಚುಕ್ಕಿಗಳು ಜಾಗ ಬಿಟ್ಟು ಅವ್ವಂದಿರ ಸುತ್ತ ಸೇರತೊಡಗಿದವು. ನಿನ್ನೆ ಮಲೇಷಿಯಾದ ಸೆರೆಂಬಾನಿನಲ್ಲಿ ಮಿಠಾಯಿ ಅಂಗಡಿ ಇಟ್ಟವನೊಬ್ಬ ಉತ್ತರಿಸಿದ: ತನ್ನ ತಾಯಿ ಜಂಬಾಕ್ ಬಳಿ, ಅವಳ ತಂಗಿ ನೂರ್‌ಲಿಸ್, ತೀರಿಕೊಂಡು ಬಹಳ ವರ್ಷವಾಯಿತು. ಅವನ ಸೈಟು ತೆರೆದರೆ ಅಲ್ಲೊಂದು ಮದುವೆಯ ಫೋಟೊ. ಹೋದ ವರ್ಷ ನೀನು ಕಳಿಸಿದ್ದೆಯಲ್ಲ, ಅಫ್ರಿಜೋನನ ಅಪ್ಪ ಅಮ್ಮನದು, ಅದೇ. ವಧುವಿನ ಕಿರೀಟ ಎಡಕ್ಕೆ ವಾಲಿರುವುದೂ ಅದೇ.

ಜಂಬಾಕ್, ರಹ್ಮಿ. ನಮ್ಮ ಬಳಿಯಲ್ಲ. ನಾನು ಕುಣಿದೆ, ಕುರ್ಚಿ ಮುರಿಯಿತು, ಗಿರಾಕಿಗಳು ಎದ್ದರು, ನಿನ್ನ ಅಮ್ಮ ಅಳುತ್ತ ನಕ್ಕಳು. ಅಜ್ಜಿ ಮಾತ್ರ ಎದ್ದು ಒಳಗೆ ಹೋಗುತ್ತ, "ಹೆಣ್ಣಿನ ಕಡೆಯೋರು ನಾವು, ಹೋಗಿ ಕೇಳೋದೂ ನಾವೇ. ವೀಳ್ಯದ ಬಟ್ಲು ಉಜ್ಜಿಡಿ," ಎಂದಳು. ಅವಳ ಹೂಂ ಎಂದರೆ ಅದು.

ಮನೆಯವರೆಲ್ಲರ ಹರಕೆ ನಿನ್ನ ತಲೆಯ ಮೇಲಿದೆ. ಹೊತ್ತಿಗೆ ಸರಿಯಾಗಿ ಉಣ್ಣು, ನಗುನಗುತ್ತ ಇರು.

ನಿನ್ನ ಸೋದರಮಾವ,
ಶಹರಿನಾಲ್

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಸೆರೆಂಬಾನಿನಿಂದ ನೂರ್‌ಲಿಸಳ ಅಕ್ಕನೇ ಫೋನ್ ಮಾಡಿದಳು. ಸಂಬಂಧದ ವಿಷಯ ಎತ್ತಿದೆ, ಅವಳು ಕೇಳಿಸಿಕೊಳ್ಳಲೇ ಇಲ್ಲ. "ಮಗು ಬದುಕಿದ್ಯಾ?" ಅಂದಳು. ನಾನು ಏನು ಹೇಳಿದರೂ ಮತ್ತೆ ಅದನ್ನೇ ಕೇಳಿದಳು. ತಾಯಿಯ ಜೊತೆಗೆ ಮಗುವೂ ಹೋಯಿತು ಎಂದು ಯಾರೋ ಹೇಳಿದ್ದರಂತೆ. ಅಫ್ರಿಜೋನನಿಗೆ ನಾವಿನ್ನೂ ಏನೂ ಹೇಳಿಲ್ಲ. ಮದುವೆಯ ಮಾತು ನಿಧಾನವಾಗಿ ಆಡು. ಮೊದಲು ಅವನನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ದೊಡ್ಡಮ್ಮ ಇದ್ದಾಳೆ ಎಂದು ಹೇಳು. ನಂಬರು ಚಿತ್ರದ ಹಿಂದೆ ಬರೆದಿದ್ದೇನೆ. ಅವಳು ಫೋನಿನ ಪಕ್ಕದಲ್ಲೇ ಕೂತಿದ್ದಾಳೆ.