ಒಂದು ಚಿಟಿಕೆ ಮದ್ದು

ಡಿಡ್ಸ್‌ಬರಿ, ಮ್ಯಾಂಚೆಸ್ಟರ್
೬ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ಕಾಶಕ್ಕಾ, ಶರಣು.

ಮೊಣಕಾಲು ಹೇಗಿದೆ? ಗದಗಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನುಂಗಬೇಡ. ಕರಬಸಪ್ಪ ಮಾವನವರ ಸಕ್ಕರೆ ಹತೋಟಿಯಲ್ಲಿದೆಯೇ? ಇದೆ ಎಂದು ಅವರು ಹೇಳಿದರೆ ನಂಬಬೇಡ, ಲ್ಯಾಬಿನ ಚೀಟಿ ನೋಡು. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನು ಮಾಡಿದರೆ ನೀನು ಮೊದಲು ಭಾಗ್ಯಶ್ರೀಗೆ ಕೊಡು ಎನ್ನುತ್ತೀಯ. ಹೆಂಡತಿ ಪಕ್ಕದಲ್ಲಿ ಕೂತಿರುವಾಗ ಹೇಳಲಾಗದ ಮಾತು ಇದು.

ವಿದನ್‌ಶಾ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರಿಗೆ ಅರಿವಳಿಕೆ ಕೊಟ್ಟು ನಿವೃತ್ತನಾದ ಮೇಲೆ ನಾನು ರಿವಾಲ್ವರ್ ಕ್ಲಬ್ ಸೇರಿದೆ ಎಂದಾಗ, 'ಅರವತ್ತೈದಕ್ಕ ಪಿಸ್ತೂಲ್ ಹಿಡಿಯೂವಂಥಾದ್ದು ನಿನಗೇನ್ ಬಂದೈತೋ ಶ್ರೀಶೈಲಾ' ಎಂದು ನೀನು ಬೈದಿದ್ದೆ. ಈಗಿನ ಕಾಲದ ಪಿಸ್ತೂಲನ್ನು ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ನೂರೈವತ್ತು ವರ್ಷ ಹಿಂದಿನ ಮಾದರಿಯ, ಕರಿಮದ್ದು ತುಂಬಿ ಹೊಡೆಯುವ ರಿವಾಲ್ವರಿಗಾದರೆ ಪೊಲೀಸರು ಮನೆಗೆ ಬಂದು ವಿಚಾರಿಸಿ ಲೈಸೆನ್ಸ್ ಕೊಡುತ್ತಾರೆ. ಅದರ ಸುಖ ಅವಸರದವರಿಗೆ ಸಿಕ್ಕುವುದಲ್ಲ ಅಕ್ಕಾ. ಗುಂಡು ಕೂರುವ ಒಂದೊಂದು ಗೂಡಿಗೂ ಅಳೆದ ಮದ್ದು ಸುರಿಯಬೇಕು. ಅದರ ಮೇಲೆ ಒಂದಿಷ್ಟು ರವೆ. ನಗಬೇಡ, ಉಪ್ಪಿಟ್ಟಿನ ರವೆಯೇ, ಖಾಲಿ ಜಾಗ ತುಂಬಲಿಕ್ಕೆ. ಆಮೇಲೆ ಸೀಸದ ಗುಂಡನ್ನು ಇಟ್ಟು ಒತ್ತಿ, ಮೇಲೆ ಜಿಡ್ಡು ಸವರಿ, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ತಾಮ್ರದ ಟೋಪಿ ಕೂರಿಸಬೇಕು. ಹತ್ತು ನಿಮಿಷದ ಸಿದ್ಧತೆಗೆ ಒಂದು ನಿಮಿಷದ ಢಂ ಢಂ. ಹೊಡೆದ ಕೂಡಲೇ ಬಿಳಿ ಹೊಗೆ ಎದ್ದು ಗುರಿಯೇ ಮುಚ್ಚಿಹೋಗುತ್ತದೆ. ಗಾಳಿ ಅದನ್ನು ಸರಿಸುವವರೆಗೆ ಏನಾಯಿತೆಂದು ತಿಳಿಯದೆ ನಿಲ್ಲಬೇಕು. ಮೂಗಿನ ತುಂಬ ದೀಪಾವಳಿಯ ಓಣಿಯ ವಾಸನೆ, ಬೆರಳೆಲ್ಲ ಮಸಿ. ಕ್ಲಬ್ಬಿನವರು ಗುರಿ ಹೊಡೆಯುವ ಗುಡ್ಡದ ಮೇಲಿನ ಹಳೆಯ ಕಲ್ಲುಗಣಿಯಲ್ಲಿ ಎರಡು ವರ್ಷ ನನ್ನನ್ನು ಮೀರಿಸುವವರಿರಲಿಲ್ಲ. ಕಾರ್ಯದರ್ಶಿ ಕೀತ್, ರೈಲ್ವೆಯಲ್ಲಿ ಮೆಕ್ಯಾನಿಕ್ ಆಗಿದ್ದ ಮುದುಕ, ನನ್ನನ್ನು 'ಡಾಕ್' ಎಂದು ಕರೆದು ಹೊಸಬರಿಗೆ ತೋರಿಸುತ್ತಿದ್ದ.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆದಾಗ ಕೆಲವು ದಿನ ಭಾಗ್ಯಶ್ರೀಯೇ ಕಾರು ಓಡಿಸಿ ನನ್ನನ್ನು ಕ್ಲಬ್ಬಿಗೆ ಕರೆದೊಯ್ದಳು. ಅತಿಥಿಗಳಿಗೂ ಹೊಡೆಯಲು ಬಿಡುವ ದಿನವೊಂದರಲ್ಲಿ ಕೀತ್ ತನ್ನ ರಿವಾಲ್ವರನ್ನು ಅವಳ ಕೈಗಿಟ್ಟ. ಆರು ಗುಂಡು. ಹೊಗೆ ಸರಿದಾಗ ಆರೂ ಒಂದು ಬಿಸ್ಕತ್ತಿನಷ್ಟು ಜಾಗದಲ್ಲಿದ್ದವು. ಮುಖಕ್ಕೆ ಮಸಿ ಮೆತ್ತಿಕೊಂಡು ಅವಳು ನಕ್ಕಳು. 'ಎಷ್ಟ್ ಚಂದ ಐತ್ರೀ ಇದು! ಇಷ್ಟ್ ದಿನ ನೀವೊಬ್ಬರ ಮಜಾ ಮಾಡೀರಲ್ಲ' ಎಂದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಸಂತೋಷವಾಗಬೇಕಿತ್ತು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ವರ್ಷದೊಳಗೆ ಅವಳಿಗೂ ಲೈಸೆನ್ಸ್ ಬಂತು. ಆಸ್ಪತ್ರೆಯ ಔಷಧ ವಿಭಾಗದಲ್ಲಿ ಜೀವಮಾನವೆಲ್ಲ ಮದ್ದು ತೂಗಿದವಳು, ಈ ಮದ್ದನ್ನೂ ಹಾಗೆಯೇ ತೂಗಿ ಗುಂಡಿಗೊಂದರಂತೆ ಪ್ಲಾಸ್ಟಿಕ್ ಕೊಳವೆಗಳಲ್ಲಿ ತುಂಬಿಡುತ್ತಿದ್ದಳು. ಕ್ಲಬ್ಬಿನವರೆಲ್ಲ ಈಗ ಅವಳ ಸುತ್ತ. ಕೀತ್ ಒಂದು ದಿನ ನನ್ನನ್ನು ಯಾರಿಗೋ 'ಭಾಗ್ಯಾಳ ಗಂಡ' ಎಂದು ಪರಿಚಯಿಸಿದ. ನಾನೂ ನಕ್ಕೆ. ಹಲ್ಲು ಕಚ್ಚಿಕೊಂಡು ನಗುವುದು ಬಹಳ ಕಷ್ಟ ಅಕ್ಕಾ. ಅವಳು ಫ್ರಿಜ್ಜಿನ ಮೇಲೆ ಅಂಟಿಸಿದ ಗುರಿಯ ಹಾಳೆಯನ್ನು ತೆಗೆದು ಹಳೆ ಪೇಪರಿನ ಜೊತೆ ಹಾಕಿದೆ. ಭಾನುವಾರ ಬೆಳಿಗ್ಗೆ ಅವಳು ಒಂದು ಸಲ ಸೀನಿದರೂ 'ಇವತ್ತು ನೀನು ವಿಶ್ರಾಂತಿ ತಗೋ' ಎಂದೆ. ಅವಳಿಗೆ ಅದು ಕಾಳಜಿಯಂತೆ ಕಂಡಿತು.

ಸೆಪ್ಟೆಂಬರ್ ಇಪ್ಪತ್ತೆರಡಕ್ಕೆ ಲೀಡ್ಸ್ ಹತ್ತಿರ ಪಂದ್ಯ. ಅವಳು ಸ್ನಾನಕ್ಕೆ ಹೋದಾಗ ನಾನು ಅವಳ ಕೊಳವೆಗಳನ್ನು ಬಿಚ್ಚಿ ಒಂದೊಂದರಿಂದಲೂ ಒಂದು ಚಿಟಿಕೆ ಮದ್ದು ತೆಗೆದೆ. ಇದರಿಂದ ಯಾರಿಗೂ ಪೆಟ್ಟಾಗುವುದಿಲ್ಲ, ಗುಂಡು ಸ್ವಲ್ಪ ಕೆಳಗೆ ಬೀಳುತ್ತದೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಚಿಟಿಕೆಗಳೆಲ್ಲ ಒಂದೇ ಸಮ ಇರಲಿಲ್ಲವಲ್ಲ, ಅವಳ ಗುಂಡುಗಳು ಒಂದು ಮೇಲೆ ಒಂದು ಕೆಳಗೆ ಚೆಲ್ಲಾಪಿಲ್ಲಿಯಾದವು. ಅವಳಿಗೆ ಹನ್ನೊಂದನೇ ಸ್ಥಾನ, ನನಗೆ ಮೂರನೆಯದು, ಕಂಚಿನ ಪದಕ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಅವಳೇ.

ಮರಳಿ ಬರುವಾಗ ದಾರಿಯಲ್ಲಿ, 'ತೂಕ ತಪ್ಪೇನ್ರೀ ನಾ. ಒಂದಲ್ಲ, ಎಲ್ಲಾನೂ ತಪ್ಪೇನಿ' ಎಂದಳು. ಮತ್ತೆ ಸಣ್ಣ ದನಿಯಲ್ಲಿ, 'ಅವ್ವಗೂ ಹಿಂಗಽ ಸುರು ಆಗಿತ್ತು.' ಅವಳ ತಾಯಿ ಕೊನೆಯ ನಾಲ್ಕು ವರ್ಷ ಮಗಳ ಹೆಸರನ್ನೇ ಮರೆತಿದ್ದರು, ನಿನಗೆ ಗೊತ್ತು. ನಾನು ರಸ್ತೆ ನೋಡುತ್ತಾ ಕಾರು ಓಡಿಸಿದೆ. ಆಗಲೇ ಹೇಳಬೇಕಿತ್ತು.

ಅಂದಿನಿಂದ ಅವಳು ಗ್ಯಾಸ್ ಆರಿಸಿದ್ದನ್ನು ಮೂರು ಮೂರು ಸಲ ನೋಡುತ್ತಾಳೆ. ಅಡುಗೆಮನೆಯಲ್ಲಿ ನೂರರಿಂದ ಹಿಂದಕ್ಕೆ ಎಣಿಸುತ್ತಾಳೆ. ನನ್ನ ಬಿಪಿ ಮಾತ್ರೆಯನ್ನು ಕೊಡುವಾಗ 'ಸರಿ ಐತಿಲ್ಲೋ ನೀವ್ ಒಮ್ಮೆ ನೋಡ್ರಿ' ಎನ್ನುತ್ತಾಳೆ. ಜ್ಞಾಪಕಶಕ್ತಿಯ ಪರೀಕ್ಷೆಗೆಂದು ಜಿಪಿ, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳೆ. ರಿವಾಲ್ವರನ್ನು ಕ್ಲಬ್ಬಿಗೆ ಕೊಟ್ಟುಬಿಡುತ್ತಾಳಂತೆ. ಇನ್ನೂ ನಾಚಿಕೆಯ ಸಂಗತಿ ಕೇಳು: ಆ ಮಾತು ಕೇಳಿದಾಗಲೂ ನನ್ನೊಳಗೆ ಎಲ್ಲೋ ಒಂದು ಮೂಲೆ ಹಿಗ್ಗಿತು. ಹೋದ ಭಾನುವಾರ ಒಬ್ಬನೇ ಹೋದೆ. ಬಹಳ ಚೆನ್ನಾಗಿ ಹೊಡೆದೆ. ಎಲ್ಲರೂ ಅವಳನ್ನೇ ಕೇಳಿದರು. ಇವತ್ತು ಹೋಗಲಿಲ್ಲ.

ಮಾವನವರಿಗೆ ನನ್ನ ಶರಣು ಹೇಳು. ನಿನ್ನ ಪಾದ ಮುಟ್ಟಿ ನಮಸ್ಕರಿಸುವ ಯೋಗ್ಯತೆ ಇವತ್ತು ನನಗಿಲ್ಲ, ಆದರೂ ನಮಸ್ಕರಿಸುತ್ತೇನೆ.

ನಿನ್ನ ತಮ್ಮ,
ಶ್ರೀಶೈಲ

ತಾ.ಕ.: ಬಾಯಿಬಿಟ್ಟು ಹೇಳಬೇಕೆಂದು ಮೂರು ಸಲ ಅವಳ ಹತ್ತಿರ ಹೋಗಿ, ಮೂರು ಸಲವೂ ಚಹಾ ಕೇಳಿ ಬಂದೆ. ನನ್ನ ಪತ್ರದ ಕೊನೆಗೆ ಅವಳೂ ನಿನಗೆ ಎರಡು ಸಾಲು ಬರೆಯುವುದು ರೂಢಿಯಲ್ಲವೇ? ಲಕೋಟೆಗೆ ಹಾಕದೆ ಈ ಹಾಳೆಗಳನ್ನು ಈಗಲೇ ಅವಳ ಕೈಗೆ ಕೊಡುತ್ತಿದ್ದೇನೆ.

ಅಕ್ಕಾವರೇ, ಶರಣು. ಎರಡು ಸಲ ಓದಿದೆ. ನನ್ನ ತಲೆ ನೆಟ್ಟಗಿದೆ ಎಂದು ಮೊದಲು ಅಳು ಬಂತು, ಆಮೇಲೆ ಸಿಟ್ಟು. ಜಿಪಿಗೆ ನಾಳೆ ಫೋನು ಮಾಡಿ ಬೇಡವೆನ್ನುತ್ತೇನೆ. ಬರುವ ಭಾನುವಾರ ಕ್ಲಬ್ಬಿಗೆ ಹೋಗುತ್ತೇನೆ. ಅಲ್ಲಿ ಎಲ್ಲರ ಎದುರು ಇದನ್ನು ಅವರೇ ಹೇಳಬೇಕು. ನಿಮ್ಮ ತಮ್ಮ ಈಗ ಹಿತ್ತಲಲ್ಲಿ ನಿಂತಿದ್ದಾರೆ. ಹನಿ ಬೀಳತೊಡಗಿದೆ. ಒಳಗೆ ಬನ್ನಿ ಎಂದು ನಾನಿನ್ನೂ ಕರೆದಿಲ್ಲ. — ಭಾಗ್ಯಶ್ರೀ