ಹೆಬ್ಬಾತು ಮುಚ್ಚಿಸಿದ ಮುಂಬಾಗಿಲು

ವಿನಿಪೆಗ್, ಮೇ ೨೬

ಅತ್ತಿಗೆ, ನಿಮ್ಮ ತಮ್ಮ ನಡೆಯುತ್ತಿದ್ದಾರೆ! ಸೊಂಟದ ಆಪರೇಷನ್ ಆದಮೇಲೆ ಡಾಕ್ಟರು ಎಷ್ಟು ಬೇಡಿಕೊಂಡರೂ ಎದುರಂಗಡಿಯ ಕಾಫಿಗಿಂತ ಒಂದು ಹೆಜ್ಜೆ ಆಚೆ ಹೋಗದವರನ್ನು ನಡೆಸಿದ್ದು ಒಂದು ಹೆಬ್ಬಾತು.

ಆಪರೇಷನ್ನಿಗೆಂದು ಬಂದು ನಾವು ಬಾಡಿಗೆಗಿರುವ ಕಟ್ಟಡದ ಮುಂಬಾಗಿಲ ಪಕ್ಕದ ಹೂಕುಂಡದಲ್ಲಿ ಹೆಣ್ಣು ಕಾವಿಗೆ ಕೂತಿತು. ಗಂಡು ಬಂದವರನ್ನೆಲ್ಲ ಬುಸುಗುಟ್ಟಿ ಅಟ್ಟುತ್ತಿತ್ತು. ನಾನು ಹಳ್ಳಿಯವಳು, ಪೊರಕೆ ಎತ್ತಿದೆ. ಕಟ್ಟಡ ನೋಡಿಕೊಳ್ಳುವ ಸ್ಟೆಫಾನಿಯಾ ಅದನ್ನು ಕಿತ್ತುಕೊಂಡು, "ಬಾಣಂತಿ ಮುಂದೆ ಪೊರಕೆ ಎತ್ತೋದೇನ್ರೀ? ಎಲ್ಲರ ಹಾಗೆ ಹಿಂದಿನಿಂದ ಸುತ್ಕೊಂಡು ಬನ್ನಿ!" ಎಂದು ಬಾಗಿಲಿಗೆ ಬೀಗವನ್ನೇ ಹಾಕಿಬಿಟ್ಟರು.

ಇವರಿಗೋ ಕಾಫಿ ಬಿಡಲಾಗದು. "ಊರಲ್ಲಾಗಿದ್ರೆ ಗುಂಡು ಹೊಡೆದು ಹುರಿದು ತಿಂತಿದ್ದೆ ಕಣೇ" ಎಂದು ಗೊಣಗುತ್ತಲೇ ನಾಲ್ಕು ವಾರ ಇಡೀ ಕಟ್ಟಡ ಸುತ್ತಿದರು.

ನಿನ್ನೆ ಐದು ಮರಿಗಳನ್ನು ಕರೆದುಕೊಂಡು ಎರಡೂ ನದಿಗೆ ಹೊರಟವು. ಬಸ್ಸು ಕಾರುಗಳೆಲ್ಲ ನಿಂತು ದಾರಿ ಬಿಟ್ಟವು. ಬಾಗಿಲ ಬೀಗ ತೆಗೆದರು. ಇವತ್ತು ನಾನು ಅಲ್ಲೇ ಕಾದರೆ, ಇವರು ಹಿಂದಿನಿಂದಲೇ ಸುತ್ತಿ ಬಂದರು, ಊರುಗೋಲಿಲ್ಲದೆ! ಆ ಗಂಡು ಹೆಬ್ಬಾತಿನ ಕಾಲಿಗೆ ಬೀಳಬೇಕು ಅನ್ನಿಸಿತು.

ನೋವಿನ ಮಾತ್ರೆ ನಿಂತಿದೆ. ಭಾನುವಾರ ಟ್ರಕ್ ತನ್ನಿ, ಊರಿಗೆ ಬಂದುಬಿಡುತ್ತೇವೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಈ ವರ್ಷ ಹೆಬ್ಬಾತು ಬೇಟೆಗೆ ಇವರನ್ನು ಕರೆಯಬೇಡಿ ಎಂದು ಗೆಳೆಯರಿಗೆಲ್ಲ ನೀವೇ ಹೇಳಿಬಿಡಬೇಕಂತೆ.

ನಿಮ್ಮ ಬೆರಿಲ್