ಹದಿನಾಲ್ಕನೇ ಮನೆಯ ಗೋಡೆ

ಮಾರ್ಚ್ 11, ಮಂಗಳವಾರ
ಮತ್ತೆ ಸೈಟು. ಜಾಗ ಸರ್ಕಾರದ್ದು, ಕಟ್ಟುವುದು ಕಂಪನಿ, ಕಣ್ಣಿಡುವುದು ನಾವು — ಮನೆ ಸಿಗಬೇಕಾದ ಹದಿನೆಂಟು ಸಂಸಾರಗಳ ಪರವಾಗಿ ನಾನು, ಒರ್ತೆನ್ಸಿಯಕ್ಕ. ಕಂಡ ಕೂಡಲೇ ಮೇಸ್ತ್ರಿ ಗಾಲ್ವರಿನೊ, "ಅತ್ತೆಯಂದಿರು ಬಂದ್ರಪ್ಪ, ನೆಟ್ಟಗೆ ಕೆಲ್ಸ ಮಾಡಿ" ಎಂದ.

ಹಲಗೆ ಹೊಡೆಯುವ ಮುಂಚೆ ಗೋಡೆಯೊಳಗೆ ಚಳಿ ತಡೆಯುವ ಉಣ್ಣೆಯಂಥ ಹಾಸನ್ನು ಬೆರಳಿಟ್ಟು ಒತ್ತಿ ನೋಡಬೇಕು. ಅದಿದ್ದರೆ ಅರ್ಧ ಸೌದೆ ಸಾಕು. ನಮ್ಮ ಒಸೊರ್ನೊದಲ್ಲಿ ಜೂನ್ ಬಂತೆಂದರೆ ಚಳಿಗಾಲ, ಊರೆಲ್ಲ ಸೌದೆ ಹೊಗೆ. ಒಡಹುಟ್ಟಿದ ಅಕ್ಕನ ಹಿತ್ತಿಲ ಕೋಣೆಯಲ್ಲಿ ಒಂಬತ್ತು ವರ್ಷ... ನನ್ನ ಮಗಳು ರಾಯೆನ್ ಉಬ್ಬಸದಲ್ಲೇ ಬೆಳೆದಳು.

ಹದಿಮೂರು ಮನೆ ನೋಡಿ ಮುಗಿಯುವಷ್ಟರಲ್ಲಿ ಮಳೆ. ಮೇಸ್ತ್ರಿ ಕುಂಬಳಕಾಯಿ ರೊಟ್ಟಿ ಕರಿಯುತ್ತಿದ್ದ. ಕೂತೆವು. ಕೂತಲ್ಲೇ, ಗೋಡೆ ಮುಟ್ಟಿ ನೋಡದೆ, ಹದಿನಾಲ್ಕನೆಯದಕ್ಕೂ ಇಬ್ಬರೂ ಸಹಿ ಹಾಕಿದೆವು.

ಏಪ್ರಿಲ್ 22
ಗೋದಾಮಿನಲ್ಲಿ ಆರು ಸುರುಳಿ ಹಾಸು ಮಿಕ್ಕಿದೆ. ಸರಿಯಾಗಿ ಒಂದು ಮನೆಯದು. ಉಳಿದವನ್ನೆಲ್ಲ ಮುಟ್ಟಿ ನೋಡಿದ್ದೆವು; ನೋಡದ್ದು ಹದಿನಾಲ್ಕು ಮಾತ್ರ.

"ಈಗ ಬಾಯಿ ಬಿಟ್ರೆ ಹದಿನೆಂಟೂ ಮನೆ ಕೀಲಿ ನಿಲ್ಲಿಸ್ತಾರೆ ನೋಲ್ಫಾ. ಚಳಿಗಾಲ ಕಳೆದ್ಮೇಲೇ ಕೊಡೋದು" ಎಂದಳು ಒರ್ತೆನ್ಸಿಯಕ್ಕ.

"ಬಾಯಿ ಬಿಡದಿದ್ರೆ ಆ ಮನೆ ಯಾರ ತಲೆಗೆ ಬರುತ್ತೋ" ಎಂದೆ.

ಅವಳು ಗೋದಾಮಿನ ಬಾಗಿಲು ಎಳೆದಳು; ಯಾರಿಗೂ ಹೇಳದೆ ಮನೆಗೆ ಹೋದೆವು.

ಮೇ 10
ಯಾವ ಮನೆ ಯಾರಿಗೆಂದು ಚೀಟಿ ಎತ್ತುವ ದಿನ. ಕಣ್ಣಿಟ್ಟವರಿಗೆ ಚೀಟಿಯಿಲ್ಲದೆ ಮನೆ ಆರಿಸಿಕೊಳ್ಳುವ ರಿಯಾಯಿತಿ ಇದೆ. ಬೇಡವೆಂದಿದ್ದೆ. ಇವತ್ತು ಎದ್ದು ನಿಂತು, ಹದಿನಾಲ್ಕು ನನಗಿರಲಿ ಎಂದೆ. ಅದು ಮೂಲೆ ಮನೆ, ಅಂಗಳ ದೊಡ್ಡದು.

"ನ್ಯಾಯ ಹೇಳೋಳು ದೊಡ್ಡದನ್ನೇ ಹೊಡ್ಕೊಂಡ್ಲು ನೋಡಿ" ಎಂದರು ಹಿಂದಿನಿಂದ.

ಒರ್ತೆನ್ಸಿಯಕ್ಕ ನೆಲ ನೋಡುತ್ತಿದ್ದಳು. ಅವಳ ಮೇಲೆ ಸಿಟ್ಟು ಬಂತು. ಇನ್ನೂ ಹೋಗಿಲ್ಲ.

ಜೂನ್ 19
ಹೊಸ ಮನೆಯ ಗೋಡೆ ಬೆವರುತ್ತಿದೆ. ರಾಯೆನ್ ಮಂಚ ಒಲೆ ಹತ್ತಿರ ಎಳೆದೆ. ಅವಳಿಗೆ ಕೆಮ್ಮು. ತಪ್ಪು ನನ್ನದು, ಕೆಮ್ಮು ಅವಳದು. ಬೀದಿಯಲ್ಲಿ ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಜೂನ್ 21, ಬೆಳಿಗ್ಗೆ 11
ಬಾಗಿಲಲ್ಲಿ ಒರ್ತೆನ್ಸಿಯಕ್ಕ, ಕೈಯಲ್ಲಿ ಸುತ್ತಿಗೆ. ಹಿಂದೆ ಅವಳ ಗಂಡ, ತಳ್ಳುಗಾಡಿಯಲ್ಲಿ ಆರು ಸುರುಳಿ. ಕೀಲಿ ಕೊಟ್ಟ ದಿನವೇ ಮೇಸ್ತ್ರಿಗೆ ಬೈದು ಗೋದಾಮಿನಿಂದ ತಂದು ತನ್ನ ಮಂಚದ ಕೆಳಗಿಟ್ಟಿದ್ದಳಂತೆ.

"ನಡೆದದ್ದನ್ನ ಬೀದಿಗೆಲ್ಲ ಹೇಳ್ಬಿಟ್ಟು ಬಂದೆ. ಸಹಿ ಇಬ್ಬರದೂ ಅಲ್ವಾ? ಧೈರ್ಯ ಬರೋಕೆ ಇಷ್ಟು ದಿನ ಬೇಕಾಯ್ತು ನೋಡು."

ಮೊದಲ ಹಲಗೆ ಕಿತ್ತರು. ಒಳಗೆ ಖಾಲಿ. ಅಳು ಬಂತು, ಅಡುಗೆಮನೆಗೆ ಬಂದು ಕೂತು ಇದನ್ನು ಬರೆಯುತ್ತಿದ್ದೇನೆ.

ಮೊದಲ ಗೋಡೆ ತುಂಬಿಸಿದ್ದಾಯಿತಂತೆ. ಕರೆಯುತ್ತಿದ್ದಾಳೆ — "ಬಾರೇ, ಹಲಗೆ ಹೊಡೆಯೋ ಮುಂಚೆ ಬೆರಳಿಟ್ಟು..."